ಕರೆಂಟ್ ಹೋದಾಗ ಹಾಡುವವನು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳಿಸಲ್ಲ. ಬೆಳಗ್ಗೆ ಶುರುವಾದ ಪವರ್‌ಲೂಮ್ ಸದ್ದು ನಿಲ್ಲೋದು ರಾತ್ರಿಗೇ. ನಮ್ಮ ಮನೆ ಹಿಂದಿನ ಶೆಡ್ಡಿನಲ್ಲೂ ನಾಲ್ಕು ಮಗ್ಗ ಇವೆ, ಅಪ್ಪ ನೋಡ್ಕೊಳ್ತಾರೆ. ಕರೆಂಟ್ ಹೋದರೆ ಬೀದಿಯವರೆಲ್ಲ ಗೊಣಗ್ತಾ ಹೊರಗೆ ಬರ್ತಾರೆ. ನನ್ನ ತಮ್ಮ ಮಾತ್ರ ಮೊಬೈಲ್ ಹಿಡ್ಕೊಂಡು ಒಳಗೆ ಓಡ್ತಾನೆ. ಅವನಿಗೆ ರೆಕಾರ್ಡ್ ಮಾಡೋಕೆ ಸಿಗೋ ಮೌನ ಅಷ್ಟೇ.

ಅವನು ಈ ವರ್ಷ ಬಿಇ ಮುಗಿಸಿದ. ಕ್ಯಾಂಪಸ್‌ನಲ್ಲೇ ಕೆಲಸ ಸಿಕ್ಕಿದೆ, ಆಫರ್ ಲೆಟರ್ ಬಂದಿದೆ. ಆದರೆ ಅವನು ಒಂದು ವರ್ಷ ಹಾಡ್ತೀನಿ, ಆಮೇಲೆ ನೋಡೋಣ ಅಂತಾನೆ. ಹೋದ ಭಾನುವಾರ ಅಮ್ಮ ಕಾಫಿ ಕೊಡ್ತಾ, "ನೀನಾದ್ರೂ ಸ್ವಲ್ಪ ಬುದ್ಧಿ ಹೇಳೋ, ನಿನ್ನ ಮಾತು ಕೇಳ್ತಾನೆ" ಅಂದರು. ಬುದ್ಧಿ ಹೇಳೋಕೆ ಹೋದೆ. ಅವನು ಒಂದೇ ಮಾತು ಅಂದ: "ಸಂಜಿತ್ ಹೆಗ್ಡೆನ ನೋಡಣ್ಣ."

ನಮ್ಮ ವೃತ್ತಿಯಲ್ಲಿ ಲಾಗ್ ನೋಡದೆ ಬಾಯಿ ಬಿಡಬಾರದು ಅಂತ ಒಂದು ಅಭ್ಯಾಸ. ಹಾಗಾಗಿ ಆ ರಾತ್ರಿ ಕೂತು ಸಂಜಿತ್ ಅವರ ಮೊದಲ ವರ್ಷಗಳನ್ನ ಒಂದೊಂದಾಗಿ ನೋಡಿದೆ.

ಬೆಂಗಳೂರಿನ ಹುಡುಗ. ನಮ್ಮಲ್ಲಿ ಹೆಚ್ಚಿನವರು ಅವರನ್ನ ಮೊದಲು ಕಂಡಿದ್ದು ಜೀ ಕನ್ನಡದ 'ಸರಿಗಮಪ'ದ 13ನೇ ಸೀಸನ್‌ನಲ್ಲಿ, 2017ರ ಹೊತ್ತಿಗೆ. ನಮ್ಮನೇಲಿ ಆಗ ಶನಿವಾರ, ಭಾನುವಾರ ಅಂದರೆ ಅದೇ. ಶೆಡ್ಡಿನ ಸದ್ದು ಮೀರಿಸೋಕೆ ಟೀವಿ ವಾಲ್ಯೂಮ್ ಪೂರ್ತಿ ಏರಿಸಿ ನೋಡ್ತಿದ್ವಿ. ಸಂಜಿತ್ ಆ ಸೀಸನ್ ಗೆಲ್ಲಲಿಲ್ಲ. ಇದನ್ನ ನಾನು ಪೂರ್ತಿ ಮರೆತೇಬಿಟ್ಟಿದ್ದೆ. ಗೆದ್ದವರೇ ಅವರು ಅಂದ್ಕೊಂಡಿದ್ದೆ. ನಿಮಗೂ ಹಾಗೇ ಅನ್ನಿಸಿರಬಹುದು.

ಅದಾದ ಮರುವರ್ಷವೇ, 2018ರಲ್ಲಿ, 'ನಡುವೆ ಅಂತರವಿರಲಿ' ಸಿನಿಮಾ ಬಂತು. ಕದ್ರಿ ಮಣಿಕಾಂತ್ ಸಂಗೀತ. ಅದರಲ್ಲಿ 'ಶಾಕುಂತ್ಲೆ ಸಿಕ್ಕಳು' ಹಾಡು. ಸಿನಿಮಾ ನೋಡಿದವರಿಗಿಂತ ಹಾಡು ಕೇಳಿದವರೇ ಜಾಸ್ತಿ ಅಂತ ನನ್ನ ಗುಮಾನಿ. ನಮ್ಮ ಆಫೀಸ್ ಕ್ಯಾಬ್‌ನಲ್ಲಿ ದೇವನಹಳ್ಳಿ ಕಡೆಯ ಒಬ್ಬ ಡ್ರೈವರ್ ಅಣ್ಣ ಇದ್ದರು. ಹೆಬ್ಬಾಳ ಫ್ಲೈಓವರ್ ಮೇಲೆ ಗಾಡಿ ನಿಂತಾಗಲೆಲ್ಲ ಅದನ್ನೇ ಹಾಕೋರು, ಹೆಬ್ಬಾಳದಲ್ಲಿ ಗಾಡಿ ಯಾವಾಗಲೂ ನಿಂತೇ ಇರುತ್ತೆ. ಆ ಹಾಡಿಗೆ ಸಂಜಿತ್‌ಗೆ ಫಿಲ್ಮ್‌ಫೇರ್ ಬಂತು. ಟೀವಿ ವೇದಿಕೆಯಿಂದ ಪ್ರಶಸ್ತಿಗೆ ಎರಡೇ ಹೆಜ್ಜೆ.

ತಮ್ಮ ನೋಡ್ತಿರೋದು ಇಷ್ಟನ್ನೇ. ನನಗೆ ಕುತೂಹಲ ಹುಟ್ಟಿಸಿದ್ದು ಆಮೇಲಿನದ್ದು.

2019ರಲ್ಲಿ ಚರಣ್ ರಾಜ್ ಸಂಗೀತದ 'ಕವಲುದಾರಿ'ಯಲ್ಲಿ 'ನಿಗೂಢ ನಿಗೂಢ'. 2020ರಲ್ಲಿ ಅಜನೀಶ್ ಲೋಕನಾಥ್ ಸಂಗೀತದ 'ಜಂಟಲ್‌ಮನ್'ನಲ್ಲಿ 'ಮರಳಿ ಮನಸಾಗಿದೆ'. ಅದನ್ನ ಹಾಕದ ಮದುವೆ ವಿಡಿಯೋ ಎರಡು ವರ್ಷ ನಾನಂತೂ ನೋಡಲಿಲ್ಲ. 2021ರಲ್ಲಿ 'ಸಲಗ'ದ ಮಳೆ ಹಾಡು. ಒಂದಕ್ಕೊಂದು ಹೋಲದ ಹಾಡುಗಳು. ಒಂದರಲ್ಲಿ ಪಿಸುಗುಡೋ ದನಿ, ಇನ್ನೊಂದರಲ್ಲಿ ಮೇಲಿನ ಸ್ಥಾಯಿಗೆ ಜಾರಿ ಹೋಗೋ ದನಿ. ನಡುವೆ ನಾಗ್ ಅಶ್ವಿನ್ ನಿರ್ದೇಶನದಲ್ಲಿ, ನೆಟ್‌ಫ್ಲಿಕ್ಸ್‌ನ 'ಪಿಟ್ಟ ಕಥಲು' ಅನ್ನೋ ತೆಲುಗು ಕಥಾಗುಚ್ಛದಲ್ಲಿ ಶ್ರುತಿ ಹಾಸನ್ ಜೊತೆ ನಟನೆ ಕೂಡ.

ಆದರೆ ಈ ಹಾಡುಗಳಲ್ಲಿ ಒಂದೂ ಗಾಯಕನ ಸ್ವಂತದ್ದಲ್ಲ. ರಾಗ ಸಂಗೀತ ನಿರ್ದೇಶಕರದ್ದು, ತೆರೆ ಮೇಲಿನ ಮುಖ ನಾಯಕನದ್ದು, ಹಕ್ಕು ಆಡಿಯೋ ಕಂಪನಿಯದ್ದು. ಹೊಸಬರ ಪಾಡು ಇನ್ನೂ ಕಷ್ಟ. ಟ್ರ್ಯಾಕ್ ಹಾಡಿ ಬರಬೇಕು, ಅದನ್ನ ಉಳಿಸ್ಕೊಳ್ತಾರೋ, ಬೇರೆಯವರಿಂದ ಹಾಡಿಸ್ತಾರೋ ಅಂತ ಹಾಡು ರಿಲೀಸ್ ಆಗೋವರೆಗೂ ಗೊತ್ತಾಗಲ್ಲ. ಬಹಳ ಕಾಲ ಗಾಯಕರಿಗೆ ಒಮ್ಮೆ ಹಾಡಿದ್ದಕ್ಕೆ ಒಮ್ಮೆ ದುಡ್ಡು, ಅಲ್ಲಿಗೆ ಲೆಕ್ಕ ಮುಗೀತು. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆದಮೇಲೆ ಹಾಡಿನ ವಾಣಿಜ್ಯ ಬಳಕೆಯಲ್ಲಿ ಗಾಯಕರಿಗೂ ರಾಯಲ್ಟಿ ಹಕ್ಕು ಬಂತು. ಅದನ್ನ ವಸೂಲು ಮಾಡೋಕೆ ಗಾಯಕರೇ ಸೇರಿ 2013ರಲ್ಲಿ ಸಂಘ ಕಟ್ಟಿಕೊಂಡರು. ತಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನನಗೂ ಆ ರಾತ್ರಿಯೇ ಗೊತ್ತಾಗಿದ್ದು.

ಅದಕ್ಕೇ ಆಮೇಲೆ ಬಂದ 'ನಂಗೆ ಅಲ್ಲವಾ' ನನಗೆ ದೊಡ್ಡದಾಗಿ ಕಾಣುತ್ತೆ. ಅದು ಯಾವ ಸಿನಿಮಾದ್ದೂ ಅಲ್ಲ. ನಾಗಾರ್ಜುನ್ ಶರ್ಮ ಬರೆದದ್ದು, ಸಂಜಿತ್ ತಮ್ಮದೇ ಹೆಸರಲ್ಲಿ ತಂದದ್ದು. ಹೀರೋ ಇಲ್ಲ, ಫೈಟ್ ಇಲ್ಲ, ಟೀಸರ್ ಇಲ್ಲ, ಆದರೂ ಜನ ಕೇಳಿದರು. ಸಿನಿಮಾ ಹಾಡುಗಳು ಹೆಸರು ತಂದುಕೊಟ್ಟವು, ಆ ಹೆಸರನ್ನ ಇಟ್ಟುಕೊಂಡು ಅವರು ಸ್ವಂತದ್ದೊಂದು ಮಾಡಿದರು. ಟೀವಿಯಿಂದ ಅಲ್ಲಿಗೆ ವರ್ಷಗಳೇ ಹಿಡಿದವು.

ಈಗ ಮೈಸೂರಿನ ರಘು ದೀಕ್ಷಿತ್ ದಾರಿ ನೋಡಿ. ಮೈಕ್ರೋಬಯಾಲಜಿ ಓದಿದವರು, ತೊಂಬತ್ತರ ದಶಕದ ಕೊನೆಗೆ 'ಅಂತರಾಗ್ನಿ' ಬ್ಯಾಂಡ್ ಕಟ್ಟಿದವರು. ಮೊದಲ ಆಲ್ಬಂ ಹೊರಗೆ ಬಂದಿದ್ದು 2008ಕ್ಕೆ, ಅದೂ ವಿಶಾಲ್-ಶೇಖರ್ ಕೈಹಿಡಿದ ಮೇಲೆ. ಅಷ್ಟರಲ್ಲಿ ಸರಿಸುಮಾರು ಹತ್ತು ವರ್ಷ ಕಳೆದಿತ್ತು. ಅದಕ್ಕೂ ಹಿಂದೆ ಹೋದರೆ ಅಮ್ಮನ ಕ್ಯಾಸೆಟ್ ಡಬ್ಬದಲ್ಲಿರೋ ಸಿ. ಅಶ್ವತ್ಥ್. ಅವರಂತೂ ಐಟಿಐ ಕಾರ್ಖಾನೆಯಲ್ಲಿ ದಶಕಗಳ ಕಾಲ ಕೆಲಸ ಮಾಡ್ತಾನೇ ನಾಟಕಕ್ಕೆ, ಸಿನಿಮಾಕ್ಕೆ, ಭಾವಗೀತೆಗೆ ರಾಗ ಹಾಕಿದವರು. ಇದನ್ನ ಅಮ್ಮನಿಗೆ ಹೇಳಿದಾಗ ಅವರ ಮುಖ ಅರಳಿತು. "ನೋಡು, ಕೆಲಸ ಬಿಟ್ಟಿರಲಿಲ್ಲ ತಾನೆ!"

ತಮ್ಮನಿಗೆ ಹೇಳಿದಾಗ ಅವನು ಮುಖ ಸಪ್ಪಗೆ ಮಾಡಿದ. "ಅಶ್ವತ್ಥ್ ಸರ್ ಸಂಜೆ ಐದಕ್ಕೆ ಕಾರ್ಖಾನೆಯಿಂದ ಹೊರಗೆ ಬರ್ತಿದ್ರೇನೋ. ನೀನು ಎಷ್ಟೊತ್ತಿಗೆ ಬರ್ತೀಯಣ್ಣ?"

ಉತ್ತರ ಅವನಿಗೆ ಗೊತ್ತು. ಬೆಳಗ್ಗೆ ಏಳಕ್ಕೆ ಬಿಟ್ಟರೆ ರಾತ್ರಿ ಒಂಬತ್ತೂವರೆ. ಕಾಲೇಜಲ್ಲಿ ನಾನೂ ಹಾಡ್ತಿದ್ದೆ. ಘಾಟಿ ಸುಬ್ರಹ್ಮಣ್ಯ ಜಾತ್ರೆ ಹೊತ್ತಲ್ಲಿ ಪಕ್ಕದೂರಿನ ಆರ್ಕೆಸ್ಟ್ರಾದಲ್ಲಿ ಎರಡು ವರ್ಷ ಮೈಕ್ ಹಿಡಿದಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಬಿಡಬೇಕು ಅಂತ ಯಾರೂ ಹೇಳಲಿಲ್ಲ. ಒಂದು ವಾರ ಹೋಗಲಿಲ್ಲ, ಇನ್ನೊಂದು ವಾರ ರಿಲೀಸ್ ಇತ್ತು, ಅಷ್ಟೇ. ಅಮ್ಮ ನನ್ನನ್ನೇ ಬುದ್ಧಿ ಹೇಳೋಕೆ ಕಳಿಸಿದ್ದರಲ್ಲಿ ಸ್ವಲ್ಪ ತಮಾಷೆಯೂ ಇದೆ.

ಬೇಡ ಅಂತ ನಾನು ಅವನಿಗೆ ಹೇಳಲಿಲ್ಲ. ಎರಡು ಮಾತು ಹೇಳಿದೆ. ಒಂದು, ಜಾಯ್ನಿಂಗ್ ಆರು ತಿಂಗಳು ಮುಂದೆ ಹಾಕ್ತಾರಾ ಅಂತ ಕಂಪನಿಗೆ ಮೇಲ್ ಮಾಡಿ ಕೇಳು, ಕೇಳೋಕೆ ದುಡ್ಡು ಕೊಡಬೇಕಾಗಿಲ್ಲ. ಇನ್ನೊಂದು, ಬೇರೆಯವರ ಹಾಡು ಹಾಡಿ ರೀಲ್ಸ್ ಹಾಕೋದು ಸಾಕು, ಸ್ವಂತದ್ದು ಒಂದಾದರೂ ಮುಗಿಸು. ಅರ್ಧ ಹಾಡುಗಳೇ ಅವನ ಫೋನಲ್ಲಿ ಹನ್ನೊಂದಿವೆ. ನಾನೇ ಎಣಿಸಿದ್ದೇನೆ.

ಮೇಲ್ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ.

ನಿನ್ನೆ ಸಂಜೆ ಏಳಕ್ಕೆ ಕರೆಂಟ್ ಹೋಯ್ತು. ಬೀದಿ ಒಮ್ಮೆಗೇ ತಣ್ಣಗಾಯಿತು. ಅವನು ಕೋಣೆ ಬಾಗಿಲು ಹಾಕ್ಕೊಂಡ, ನಾನು ಕಿಟಕಿ ಹೊರಗೆ ನಿಂತೆ. ಹನ್ನೊಂದರಲ್ಲಿ ಒಂದರ ಪಲ್ಲವಿ ಶುರುವಾಯಿತು. ಆಮೇಲೆ ಚರಣ. ಇಷ್ಟು ದಿನ ಅಲ್ಲಿಗೇ ನಿಲ್ತಿತ್ತು, ನಿನ್ನೆ ಎರಡನೇ ಚರಣಕ್ಕೂ ಹೋದ. ಇನ್ನೆರಡು ಸಾಲು ಇರಬಹುದು ಅನ್ನುವಷ್ಟರಲ್ಲಿ ಶೆಡ್ಡಿನಲ್ಲಿ ಟ್ಯೂಬ್‌ಲೈಟ್ ಮಿಣುಕಿತು. ಅಪ್ಪ ಸ್ವಿಚ್ ಕಡೆ ಹೊರಟಿದ್ದರು.

"ಅಪ್ಪ, ಒಂದು ನಿಮಿಷ ತಡೀರಿ" ಅಂದೆ.

"ಯಾಕೋ?"