ದೊಡ್ಡ ಮಗುವಿಗೂ ಒಂದು ಮನೆ ಬೇಕು



ದತ್ತು ತೆಗೆದುಕೊಳ್ಳುವುದು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಆದರೆ ದತ್ತು ಎಂದೊಡನೆ ಎಲ್ಲರೂ ಕೇಳುವುದು ತೊಟ್ಟಿಲ ಕೂಸನ್ನು. ಎಂಟು, ಹತ್ತು ವರ್ಷದ ಮಕ್ಕಳನ್ನು ಕೇಳುವವರು ಕಡಮೆ. ಇಂಥ ಮಕ್ಕಳಲ್ಲಿ ಅನೇಕರು ಬಾಲಮಂದಿರದಲ್ಲೇ ಬೆಳೆದು, 18 ವರ್ಷ ತುಂಬಿದಾಗ ತಮ್ಮವರೆಂಬವರಿಲ್ಲದೆ ಹೊರಗೆ ಬರುತ್ತಾರೆ. ಅವರಿಗೆ ಮನೆ ದೊರಕಿಸುವ ಒಂದು ದಾರಿಯನ್ನು ಇಲ್ಲಿ ವಿವರಿಸಿದೆ.

ಪೋಷಕತ್ವ ಎಂದರೇನು?

ಸರ್ಕಾರದ ಒಪ್ಪಿಗೆ ಪಡೆದು, ಬೇರೆಯವರ ಮಗುವನ್ನು ಮನೆಯಲ್ಲಿಟ್ಟುಕೊಂಡು ಸಾಕುವುದೇ ಪೋಷಕತ್ವ. ಆರು ವರ್ಷ ದಾಟಿ ಬಾಲಮಂದಿರದಲ್ಲಿರುವ, ನೋಡಲು ಯಾರೂ ಬಾರದ ಮಕ್ಕಳಿಗೆ ಇದು ಮುಖ್ಯವಾಗಿ ಉಪಯುಕ್ತ. ಮಗುವನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ. ಅದಕ್ಕೂ ಮುಂಚೆ ಅಧಿಕಾರಿಗಳು ನಿಮ್ಮ ಮನೆಗೆ ಬಂದು ವಿಚಾರಿಸುತ್ತಾರೆ. ಆಮೇಲೂ ಆಗಾಗ್ಗೆ ಬಂದು ನೋಡುತ್ತಾರೆ. ಇದಕ್ಕೆ ಬೇಸರಪಡಬೇಡಿ. ಮಗುವಿನ ಹಿತಕ್ಕಾಗಿ ಈ ಏರ್ಪಾಡು.

ಅದು ದತ್ತು ಆಗುವುದು ಹೇಗೆ?

ಪೋಷಕತ್ವವೇ ದತ್ತು ಅಲ್ಲ. ಆ ಆಧಾರದಿಂದಲೇ ಮಗುವಿಗೆ ನಿಮ್ಮ ಆಸ್ತಿಯಲ್ಲಿ ಹಕ್ಕು ಬರುವುದಿಲ್ಲ. ಹೆತ್ತವರ ಸ್ಥಿತಿ ಸುಧಾರಿಸಿದರೆ ಮಗು ಅವರ ಬಳಿಗೆ ಹಿಂತಿರುಗಲೂಬಹುದು. ಹಿಂತಿರುಗಲು ಯಾರೂ ಇಲ್ಲವೆಂದು ಕಂಡುಬಂದು, ಸಮಿತಿಯು ಆ ಮಗುವನ್ನು ದತ್ತು ಕೊಡಬಹುದೆಂದು ಘೋಷಿಸಿದರೆ, ಸಾಕಿದವರೇ ದತ್ತು ಕೇಳಬಹುದು. ಹಿಂದೆ ಇದಕ್ಕೆ ಐದು ವರ್ಷ ಸಾಕಿರಬೇಕಿತ್ತು. 2024ರ ಮಾದರಿ ಮಾರ್ಗಸೂಚಿಯಂತೆ ಎರಡು ವರ್ಷ ಸಾಕು. 2022ರ ಸೆಪ್ಟೆಂಬರಿನಿಂದ ದತ್ತು ಆದೇಶವನ್ನು ಜಿಲ್ಲಾಧಿಕಾರಿಯವರೇ ಕೊಡುತ್ತಾರೆ. ಆದೇಶವಾದ ದಿನದಿಂದ ಆ ಮಗು ನೀವು ಹೆತ್ತ ಮಗುವಿಗೆ ಸಮಾನ.

ಯಾರು ಸಾಕಬಹುದು?

ದಂಪತಿಗಳು ಸಾಕಬಹುದು, ಇಬ್ಬರೂ ಮನಸಾರೆ ಒಪ್ಪಿರಬೇಕು. 2024ರಿಂದ, 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ ಸಾಕಬಹುದು. ಮದುವೆಯಾಗದವರು, ವಿಧವೆಯರು, ಗಂಡನನ್ನು ಅಗಲಿದವರು ಯಾರಾದರೂ ಸರಿ. ಒಂಟಿ ಗಂಡಸಿಗೆ ಮಾತ್ರ ಹೆಣ್ಣುಮಗುವನ್ನು ಒಪ್ಪಿಸುವುದಿಲ್ಲ.

ನೆನಪಿಡಬೇಕಾದ ಮಾತುಗಳು

ಮಗು ಮನೆಯ ಆಳಲ್ಲ. ದನ ಕಾಯಲು, ಕಳೆ ಕೀಳಲು ಒಬ್ಬರು ಸಿಕ್ಕರೆಂದು ಮಗುವನ್ನು ತರಬೇಡಿ. ನಿಮ್ಮ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಅದೂ ಹೋಗಬೇಕು. ಅವರು ಉಣ್ಣುವ ಪಂಕ್ತಿಯಲ್ಲೇ ಅದೂ ಉಣ್ಣಬೇಕು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಗೊತ್ತುಮಾಡಿದೆ. ಆ ಹಣ ಮಗುವಿನ ಊಟ, ಬಟ್ಟೆ, ಓದಿಗಾಗಿ.

ದೊಡ್ಡ ಮಗು ಬಂದ ಹೊಸತರಲ್ಲಿ ಮಾತಾಡದಿರಬಹುದು, ರೊಟ್ಟಿ ಬಚ್ಚಿಡಬಹುದು, ಹಟ ಮಾಡಬಹುದು. ಸಸಿಮಡಿಯಿಂದ ಕಿತ್ತು ನಾಟಿ ಮಾಡಿದ ಪೈರು ಕೆಲವು ದಿನ ಬಾಡಿ ಹಳದಿಯಾಗುವುದನ್ನು ನೀವು ಬಲ್ಲಿರಿ. ಆಗ ಯಾರೂ ಅದನ್ನು ಕಿತ್ತೆಸೆಯುವುದಿಲ್ಲ. ನೀರು ನೋಡಿಕೊಂಡು ಬೇರು ಹಿಡಿಯುವವರೆಗೆ ಕಾಯುತ್ತೀರಿ. ಇಲ್ಲಿಯೂ ಅಷ್ಟೇ ತಾಳ್ಮೆ ಬೇಕು.

ಅನಾಥ ಮಗುವನ್ನಾಗಲಿ, ಬಿಟ್ಟುಹೋದ ಕೂಸನ್ನಾಗಲಿ ಛಾಪಾ ಕಾಗದ ಬರೆಸಿಕೊಂಡು ಕೈಯಿಂದ ಕೈಗೆ ಪಡೆಯಬೇಡಿ. ಅದು ದತ್ತು ಆಗುವುದಿಲ್ಲ. 2015ರ ಬಾಲನ್ಯಾಯ ಕಾಯಿದೆಯಂತೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಅಂಥ ಮಗು ಕಂಡರೆ 1098ಕ್ಕೆ ದೂರವಾಣಿ ಮಾಡಿ.

ಸಾಕುವ ಮನಸ್ಸುಳ್ಳವರು ಜಿಲ್ಲಾ ಕೇಂದ್ರದ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿ. ದಾರಿ ತಿಳಿಯದಿದ್ದರೆ ನಿಮ್ಮೂರ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. ಹೋಗುವ ಮುನ್ನ ಮನೆಯವರೆಲ್ಲ ಕುಳಿತು ಮಾತಾಡಿ. ಅಜ್ಜಿಯೂ ಒಪ್ಪಲಿ, ಮಕ್ಕಳೂ ಒಪ್ಪಲಿ. ಒಮ್ಮೆ ಮನೆ ಕಳೆದುಕೊಂಡ ಮಗು ಇನ್ನೊಮ್ಮೆ ಕಳೆದುಕೊಳ್ಳಬಾರದು.