ಹಾಡು ನಿಮ್ಮ ಜೇಬಿನಲ್ಲಿ... ಆಯ್ಕೆ ಯಾರ ಕೈಯಲ್ಲಿ?

ಇವತ್ತಿನ ಹುಡುಗ ಹುಡುಗಿಯರ ಕಿವಿ ನೋಡಿದ್ದೀರಾ? ಬಸ್ಸಿಗೆ ಕಾದು ನಿಂತವನ ಕಿವಿಯಲ್ಲಿ ಬಿಳಿ ಗುಂಡಿ, ಕಾಲೇಜಿಗೆ ಹೊರಟವಳ ಕಿವಿಯಲ್ಲಿ ಕರಿ ಗುಂಡಿ. ತಂತಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಕನ್ನಡ, ಹಿಂದಿ, ತಮಿಳು, ಇಂಗ್ಲಿಷ್... ಲೋಕದ ಹಾಡೆಲ್ಲಾ ಅಂಗೈಯಗಲದ ಫೋನಿನಲ್ಲಿ! ಇಷ್ಟು ಹಾಡು ಇಷ್ಟು ಸಲೀಸಾಗಿ ಹಿಂದೆ ಯಾವ ಮಹಾರಾಜನಿಗೂ ಸಿಕ್ಕಿರಲಿಲ್ಲ ಬಿಡಿ.

ಸಂತೋಷ. ಆದರೆ ನನ್ನದೊಂದು ಪುಟ್ಟ ಪ್ರಶ್ನೆ. ಈಗ ನಿಮ್ಮ ಕಿವಿಯಲ್ಲಿ ಕೇಳಿಸ್ತಾ ಇದೆಯಲ್ಲ, ಆ ಹಾಡನ್ನು ಆರಿಸಿದವರು ಯಾರು? ನೀವಾ? ನಿಜವಾಗಿಯೂ ನೀವೇನಾ?

ಇದೇನು ಪ್ರಶ್ನೆ ಅಂತ ನಗಬೇಡಿ. ಇದರ ಉತ್ತರ ಬೇಕಾದರೆ ಒಂದು ಪ್ಲಾಸ್ಟಿಕ್ ಡಬ್ಬಿಯ ಕಥೆ ಕೇಳಬೇಕು. ಅದರ ಹೆಸರು ಕ್ಯಾಸೆಟ್!

ರೇಡಿಯೋದ ತಿರುಗುಣಿ ಅಪ್ಪನ ಕೈಯಲ್ಲಿ

ಕ್ಯಾಸೆಟ್ಟಿಗೂ ಮುಂಚೆ ಹಾಡು ಅಂದರೆ ರೇಡಿಯೋ. ಅಲ್ಲಿ ಹಾಕಿದ್ದನ್ನು ಕೇಳಬೇಕು, ಅಷ್ಟೇ. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿ ಬಿ.ವಿ. ಕೇಸ್ಕರ್ ಅವರ ಕಾಲಕ್ಕೆ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರ ಇಟ್ಟಿತು. ಜನ ಬಿಟ್ಟಾರೆಯೇ? ಕಿವಿಯನ್ನು ಕೊಲಂಬೋ ಕಡೆ ತಿರುಗಿಸಿದರು. ರೇಡಿಯೋ ಸಿಲೋನ್, ಅಮೀನ್ ಸಯಾನಿ, ‘ಬಿನಾಕಾ ಗೀತಮಾಲಾ’ ಮನೆಮಾತಾದವು. ಕೊನೆಗೆ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ ಶುರುವಾಯಿತು.

ಆದರೂ ಮೆಚ್ಚಿನ ಹಾಡು ಬೇಕಾದರೆ ಕಾರ್ಡು ಬರೆದು ಕಾಯಬೇಕು. ಹಾಡು ಬರುವ ಹೊತ್ತಿಗೆ ಕರೆಂಟು ಹೋದರೆ ಮುಗೀತು! ಇನ್ನು ಮನೆಯ ರೇಡಿಯೋ ಇರುತ್ತಿದ್ದದ್ದು ನಡುಮನೆಯಲ್ಲಿ, ಅದರ ತಿರುಗುಣಿ ಅಪ್ಪನ ಕೈಯಲ್ಲಿ. ‘ಆಫ್ ಮಾಡೋ ಅದನ್ನ’ ಅಂದರೆ ಎದುರು ಮಾತಿಲ್ಲ. ಗ್ರಾಮಫೋನು, ರೆಕಾರ್ಡುಗಳಂತೂ ಉಳ್ಳವರ ಮನೆಯ ಸೊತ್ತು.

ಬಂತು ನೋಡಿ ಡಬ್ಬಿ!

1963ರಲ್ಲಿ ಬರ್ಲಿನ್‌ನ ರೇಡಿಯೋ ಪ್ರದರ್ಶನದಲ್ಲಿ ಫಿಲಿಪ್ಸ್ ಕಂಪನಿ ಈ ಡಬ್ಬಿಯನ್ನು ತೋರಿಸಿತು. ಅದರ ಹಿಂದಿನ ತಲೆ ಲೂ ಒಟೆನ್ಸ್ ಎಂಬ ಡಚ್ ಎಂಜಿನಿಯರ್‌ದು. ಆತ ಮೊದಲು ಮಾಡಿದ್ದೇನು ಗೊತ್ತೇ? ಕೋಟಿನ ಜೇಬಿಗೆ ಸರಿಹೊಂದುವಂಥ ಒಂದು ಮರದ ತುಂಡು! ಯಂತ್ರ ಅದಕ್ಕಿಂತ ದೊಡ್ಡದಾಗಬಾರದು ಅಂತ ಲೆಕ್ಕ. ಫಿಲಿಪ್ಸ್ ಇನ್ನೊಂದು ಜಾಣತನವನ್ನೂ ಮಾಡಿತು. ಈ ಡಬ್ಬಿ ತಯಾರಿಸುವ ಹಕ್ಕನ್ನು ಬೇರೆ ಕಂಪನಿಗಳಿಗೂ ಪುಕ್ಕಟೆಯಾಗಿ ಕೊಟ್ಟಿತು. ಹಾಗಾಗಿ ಜಪಾನಿನ ಕ್ಯಾಸೆಟ್ ಜರ್ಮನಿಯ ಯಂತ್ರದಲ್ಲೂ ಹಾಡಿತು.

ಒಳಗೆ ಇದ್ದದ್ದು 4 ಮಿಲಿಮೀಟರ್ ಕೂಡ ಅಗಲವಿಲ್ಲದ, ಕಬ್ಬಿಣದ ತುಕ್ಕಿನಂಥ ಪುಡಿ ಬಳಿದ ಟೇಪು. ಸೆಕೆಂಡಿಗೆ 4.76 ಸೆಂಟಿಮೀಟರ್ ಓಟ. ‘ಸಿ-60’ ಅಂದರೆ ಒಂದೊಂದು ಮಗ್ಗುಲಿಗೆ ಅರ್ಧ ಗಂಟೆ, ‘ಸಿ-90’ ಅಂದರೆ ಮುಕ್ಕಾಲು ಗಂಟೆ.

ನಮ್ಮಲ್ಲಿ ಇದರ ಭರಾಟೆ ಎಪ್ಪತ್ತರ ದಶಕದ ಕೊನೆ ಮತ್ತು ಎಂಬತ್ತರ ದಶಕದ್ದು. ಗಲ್ಫಿನಿಂದ ರಜೆಗೆ ಬಂದ ಕರಾವಳಿಯ ಅಣ್ಣಂದಿರ ಕೈಯಲ್ಲಿ ‘ಟೂ-ಇನ್-ಒನ್’ ಇಲ್ಲದಿದ್ದರೆ ಅವರು ಗಲ್ಫಿಗೆ ಹೋಗಿದ್ದರು ಅಂತ ಊರಲ್ಲಿ ನಂಬುವವರೇ ಇಲ್ಲ! 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು. ಸಿನಿಮಾದ ಹಂಗಿಲ್ಲದೆ ಕವಿತೆ ಮನೆ ಮನೆ ಹೊಕ್ಕಿತು. ಅಜ್ಜಿಗೆ ಗುರುರಾಜುಲು ನಾಯ್ಡು ಅವರ ಹರಿಕಥೆ, ಮೊಮ್ಮಗನಿಗೆ ಸಿನಿಮಾ ಹಾಡು. ಡಬ್ಬಿ ಒಂದೇ, ಭಕ್ತರು ಬೇರೆ ಬೇರೆ!

ಅತ್ತ ದಿಲ್ಲಿಯಲ್ಲಿ 1983ರಲ್ಲಿ ಗುಲ್ಶನ್ ಕುಮಾರ್ ‘ಟಿ-ಸೀರೀಸ್’ ಶುರು ಮಾಡಿ, ಅಗ್ಗದ ಕ್ಯಾಸೆಟ್‌ಗಳಿಂದ ಎಚ್.ಎಂ.ವಿ.ಯ ಏಕಚಕ್ರಾಧಿಪತ್ಯಕ್ಕೆ ಪೆಟ್ಟು ಕೊಟ್ಟರು. ಇತ್ತ 1987ರಲ್ಲಿ ರವಿಚಂದ್ರನ್-ಹಂಸಲೇಖ ಜೋಡಿಯ ‘ಪ್ರೇಮಲೋಕ’! ಲಹರಿ ಸಂಸ್ಥೆ ಹೊರತಂದ ಆ ಕ್ಯಾಸೆಟ್ ಹೋಟೆಲು, ಬಸ್ಸು, ಕಾಲೇಜು ಹಾಸ್ಟೆಲು ಎಲ್ಲೆಲ್ಲೂ ಓಡಿತು. ಟೇಪು ಸವೆದು ಕುಯ್ ಅನ್ನುವ ತನಕ ಹಾಕಿಸಿಕೊಂಡರು ಜನ.

ಪಟ್ಟಿ ಬರೆದ ಕೈ

ಆದರೆ ಕ್ಯಾಸೆಟ್ಟಿನ ನಿಜವಾದ ಕ್ರಾಂತಿ ಕಂಪನಿಗಳದ್ದಲ್ಲ, ಪಡ್ಡೆ ಹುಡುಗರದ್ದು ಅನ್ನುತ್ತೇನೆ ನಾನು. ನೆನಪಿದೆಯೇ ಆ ಅಂಗಡಿಗಳು? ಒಂದು ಖಾಲಿ ಕ್ಯಾಸೆಟ್ಟು, ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ಹಾಡುಗಳ ಪಟ್ಟಿ. ‘ನಾಳಿದ್ದು ಬಾ’ ಅನ್ನುವ ಅಂಗಡಿಯವ. ಕಾನೂನಿನ ಕಣ್ಣಿಗೆ ಅದು ಕಳ್ಳ ಮಾಲೇ, ಒಪ್ಪಿಕೊಳ್ಳೋಣ. ಹಾಡು ಕಟ್ಟಿದವರಿಗೆ ಅದರಿಂದ ಒಂದು ಕಾಸೂ ಹೋಗುತ್ತಿರಲಿಲ್ಲ.

ಆದರೆ ಆ ಪಟ್ಟಿ ನೋಡಿ! ಸಿ-60ಯಲ್ಲಿ ಹಿಡಿಸುವುದು ಹೆಚ್ಚೆಂದರೆ ಹದಿಮೂರು, ಹದಿನಾಲ್ಕು ಹಾಡು. ಕೇಳಿದ ನೂರರಲ್ಲಿ ಉಳಿದದ್ದನ್ನು ಬಿಡಬೇಕು. ರಾಜ್‌ಕುಮಾರ್ ಮೊದಲೋ, ಎಸ್.ಪಿ.ಬಿ. ಮೊದಲೋ? ವಿರಹದ ಹಾಡು ಎ ಮಗ್ಗುಲಿಗೋ, ಬಿ ಮಗ್ಗುಲಿಗೋ? ರಾತ್ರಿಯೆಲ್ಲಾ ಕೂತು ಬರೆದು, ಹೊಡೆದು, ಮತ್ತೆ ಬರೆದು... ಅಷ್ಟರಲ್ಲಿ ಆ ಹುಡುಗನಿಗೆ ತನಗೇನು ಇಷ್ಟ ಅಂತ ಗೊತ್ತಾಗಿರುತ್ತಿತ್ತು. ಕ್ಯಾಸೆಟ್ಟಿನ ಹಿಂಬದಿಯ ಪುಟ್ಟ ಚಕ್ಕೆ ಮುರಿದರೆ ಅದರ ಮೇಲೆ ಬೇರೆ ಹಾಡು ತುಂಬುವಂತಿಲ್ಲ. ಕಾಗದ ಬರೆಯಲು ಧೈರ್ಯವಿಲ್ಲದವರು ಕ್ಯಾಸೆಟ್ಟನ್ನೇ ಕೊಟ್ಟು ಮನಸ್ಸು ಹೇಳಿದ್ದುಂಟು!

1979ರ ಜುಲೈ 1ರಂದು ಜಪಾನಿನಲ್ಲಿ ಸೋನಿಯ ‘ವಾಕ್‌ಮನ್’ ಬಂತು. ತಮಾಷೆ ಏನೆಂದರೆ, ಮೊದಲ ವಾಕ್‌ಮನ್‌ಗೆ ಹೆಡ್‌ಫೋನಿನ ತೂತು ಎರಡಿದ್ದವು. ಒಬ್ಬರೇ ಕೇಳುವುದು ಮರ್ಯಾದೆಯಲ್ಲ, ಜೊತೆಯವರಿಗೂ ಇರಲಿ ಅಂತ! ಆಮೇಲೆ ಅಂಥ ವಾಕ್‌ಮನ್‌ಗಳು ನಮ್ಮ ಮನೆಗಳಿಗೂ ಬಂದಾಗ ಹೆಚ್ಚು ಗೆದ್ದದ್ದು ಹೆಣ್ಣುಮಕ್ಕಳು. ನಡುಮನೆಯಲ್ಲಿ ಕೂತು, ಯಾರ ಅಪ್ಪಣೆಯೂ ಇಲ್ಲದೆ, ತನ್ನ ಹಾಡನ್ನು ತಾನು ಕೇಳಬಹುದಾಯಿತು. ತಿರುಗುಣಿ ಅಪ್ಪನ ಕೈಯಿಂದ ಮಗಳ ಕೈಗೆ ಬಂತು.

ಈಗ ನಡೆದಿರುವುದೇನು?

2001ರ ಜುಲೈ 3ರಂದು ನಮ್ಮ ಬೆಂಗಳೂರಿನಲ್ಲೇ ದೇಶದ ಮೊದಲ ಖಾಸಗಿ ಎಫ್.ಎಂ. ಶುರುವಾಯಿತು. 2006ರ ಡಿಸೆಂಬರ್ ಕೊನೆಗೆ ಬಂದ ‘ಮುಂಗಾರು ಮಳೆ’ಯ ಹಾಡು ಮೊಬೈಲಿನ ರಿಂಗ್‌ಟೋನಾಗಿ ಊರೂರಲ್ಲಿ ಮೊಳಗಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. 2020ರ ಜೂನ್ 29ರಂದು ಸರ್ಕಾರ ‘ಟಿಕ್‌ಟಾಕ್’ ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂನ ‘ರೀಲ್ಸ್’ ಭಾರತಕ್ಕೆ ಹಾಜರ್! ಶುರುವಿನಲ್ಲಿ ಅದರ ಉದ್ದ ಬರೀ 15 ಸೆಕೆಂಡು.

ಮೊನ್ನೆ ಮೆಜೆಸ್ಟಿಕ್ಕಿನಲ್ಲಿ ಕಾಲೇಜು ಹುಡುಗನೊಬ್ಬನನ್ನು ಕೇಳಿದೆ, ‘ಈ ಹಾಡಿನ ಎರಡನೇ ಚರಣ ಗೊತ್ತೇನಪ್ಪಾ?’ ಅವನು ನಕ್ಕ. ‘ಪೂರ್ತಿ ಹಾಡು ಯಾರ್ ಕೇಳ್ತಾರೆ ಅಂಕಲ್? ಬಿಟ್ ಸಾಕು!’

ಅವನದು ತಪ್ಪಲ್ಲ. ಸ್ಪಾಟಿಫೈಯಲ್ಲಿ ಹಾಡು 30 ಸೆಕೆಂಡು ಓಡಿದರೆ ಒಂದು ಸಲ ಕೇಳಿದಂತೆ ಲೆಕ್ಕ. ಹೀಗಿರುವಾಗ ಉದ್ದದ ಪೀಠಿಕೆ ಸಂಗೀತ ಯಾರಿಗೆ ಬೇಕು? ಹಳೆಯ 78 ಆರ್.ಪಿ.ಎಂ. ರೆಕಾರ್ಡಿಗೂ ಮೂರು ನಿಮಿಷ ಚಿಲ್ಲರೆಯ ಮಿತಿ ಇತ್ತು, ನಿಜ. ಆದರೆ ಆ ಮಿತಿಯೊಳಗೆ ಪಲ್ಲವಿಯೂ ಇತ್ತು, ಚರಣವೂ ಇತ್ತು.

ಇನ್ನು ಆಯ್ಕೆಯ ಮಾತು. ಯಾವ ಹಾಡನ್ನು ಪೂರ್ತಿ ಕೇಳಿದಿರಿ, ಯಾವುದನ್ನು ನಡುವೆ ಬಿಟ್ಟಿರಿ, ನಿಮ್ಮಂಥ ಬೇರೆಯವರು ಏನು ಕೇಳಿದರು... ಎಲ್ಲವನ್ನೂ ಯಂತ್ರ ಬರೆದಿಡುತ್ತದೆ. ‘ಇವನಿಗೆ ಇದೇ ಇಷ್ಟ’ ಅಂತ ತೀರ್ಮಾನಿಸಿ ಅಂಥದ್ದನ್ನೇ ಬಡಿಸುತ್ತದೆ. ತಿಂಗಳ ಚಂದಾ ನಿಲ್ಲಿಸಿದರೆ ಇಳಿಸಿಕೊಂಡ ಹಾಡೂ ಮಾಯ! ತಿರುಗುಣಿ ಮತ್ತೆ ಬೇರೆಯವರ ಕೈಗೆ ಹೋಯಿತು. ಅಪ್ಪನಾದರೂ ಗದರುತ್ತಿದ್ದರು, ತಿರುಗಿ ಜಗಳವಾಡಬಹುದಿತ್ತು. ಈ ಯಂತ್ರ ನಗುನಗುತ್ತಾ ಬಡಿಸುತ್ತದೆ. ಜಗಳ ಯಾರ ಜೊತೆ?

ಹಾಗಂತ ಫೋನನ್ನು ಬಾವಿಗೆ ಎಸೆಯಿರಿ ಅನ್ನುವವನು ನಾನಲ್ಲ. ಕ್ಯಾಸೆಟ್ಟಿನ ಟೇಪು ಸಿಕ್ಕು ಬಿದ್ದಾಗ ಪೆನ್ಸಿಲ್ ತುರುಕಿ ಸುತ್ತಿದವರಿಗೆ ಗೊತ್ತು ಅದರ ಗೋಳು! ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಅವರ ಹಳೆಯ ಹಾಡು ಇವತ್ತು ಹಳ್ಳಿಯ ಹುಡುಗಿಗೂ ಒಂದೇ ಕ್ಷಣದಲ್ಲಿ ಸಿಗುತ್ತದೆ. ಅದು ಸಣ್ಣ ಭಾಗ್ಯವೇ?

ನಾನು ಹೇಳುವುದು ಇಷ್ಟೇ. ಇವತ್ತು ರಾತ್ರಿ ಒಂದು ಹಾಳೆ ತಗೊಳ್ಳಿ. ಫೋನ್ ಪಕ್ಕಕ್ಕಿಡಿ. ನಿಮಗೆ ನಿಜವಾಗಿ ಇಷ್ಟವಾದ ಹದಿನಾಲ್ಕು ಹಾಡುಗಳನ್ನು ನೀವೇ ಬರೆಯಿರಿ. ಎರಡನೇ ಚರಣದವರೆಗೂ ಕೇಳಿದ ಹಾಡುಗಳು ಮಾತ್ರ, ಮೋಸ ಇಲ್ಲ!

ಹದಿನಾಲ್ಕು ತುಂಬಿದರೆ ನೀವು ಗೆದ್ದಿರಿ. ನಾಲ್ಕಕ್ಕೇ ಪೆನ್ನು ನಿಂತರೆ... ತಿರುಗುಣಿ ಯಾರ ಕೈಯಲ್ಲಿದೆ ಅಂತ ನೀವೇ ಯೋಚನೆ ಮಾಡಿ. ಏನಂತೀರಿ?