ಸೈಕಲ್ ಕಟ್ಟುವ ಜಾಗದ ಲೆಕ್ಕ

ಮಂಗಳೂರಿನ ಉರ್ವಸ್ಟೋರಿನಿಂದ ಹೊರಟು ಬಿ.ಸಿ.ರೋಡ್, ಬೆಳ್ತಂಗಡಿ, ಉಜಿರೆ ದಾಟಿದರೆ ಚಾರ್ಮಾಡಿ ಘಾಟಿ. ಮೂಡುಬಿದಿರೆ, ಕಾರ್ಕಳ, ಹೆಬ್ರಿಯ ದಾರಿ ಹಿಡಿದರೆ ಆಗುಂಬೆ. ಕರಾವಳಿಯ ಸೆಕೆ ಬಿಟ್ಟು ಘಟ್ಟದ ಮೇಲಿನ ತಂಪಿನಲ್ಲಿ ಸೈಕಲ್ ತುಳಿಯುವ ಆಸೆಯಿದ್ದವರು ಅಲ್ಲಿಯವರೆಗೆ ಸೈಕಲ್ಲುಗಳನ್ನು ಕಾರಿನ ಮೇಲೋ ಹಿಂದೆಯೋ ಕಟ್ಟಿಕೊಂಡು ಹೋಗುತ್ತಾರೆ. ಪಿಕಪ್ ಇದ್ದವರಿಗೆ ಅದರ ಹಿಂದೆ ಕ್ಯಾಂಪರ್ ಟ್ರೇಲರನ್ನೂ ಎಳೆದುಕೊಂಡು ಹೋಗುವ ಕನಸು. ಆಗ ಏಳುವ ಪ್ರಶ್ನೆ ಸರಳವಾದದ್ದು: ಸೈಕಲ್ಲುಗಳನ್ನು ಎಲ್ಲಿ ಕಟ್ಟಬೇಕು?

ತೂಕ ನೋಡಿದರೆ ಇದು ಚಿಂತೆಯ ವಿಷಯವೇ ಅಲ್ಲ. ಎರಡು ಸೈಕಲ್ ಸೇರಿ ಸುಮಾರು 30 ಕೆಜಿ. ಪಿಕಪ್ 2,000 ಕೆಜಿ, ಟ್ರೇಲರ್ 1,000 ಕೆಜಿ ಎಂದಿಟ್ಟುಕೊಂಡರೆ ಒಟ್ಟು ಭಾರದಲ್ಲಿ ಇದು ನೂರಕ್ಕೆ ಒಂದು ಪಾಲು. ಘಾಟಿ ಹತ್ತುವಾಗ ಎಂಜಿನ್ನಿಗೂ ಇಳಿಯುವಾಗ ಬ್ರೇಕಿಗೂ ಅದು ಗೊತ್ತೇ ಆಗದು. ಆದರೆ ಅದೇ 30 ಕೆಜಿ ಕೂರುವ ಜಾಗ ಬದಲಾದರೆ ವಾಹನದ ನಡತೆಯೇ ಬದಲಾಗುತ್ತದೆ.

ಮೊದಲು ಕಾರಿನ ಟಾಪ್ ಕ್ಯಾರಿಯರ್ ನೋಡೋಣ. ಇಲ್ಲಿ ಎದುರಾಳಿ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಎಂಜಿನ್ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ. ನಿಲ್ಲಿಸಿ ಕಟ್ಟಿದ ಎರಡು ಸೈಕಲ್ಲುಗಳು ಗಾಳಿಗೆ ಕಾಲು ಚದರ ಮೀಟರಿನಷ್ಟು ಹೆಚ್ಚುವರಿ ತಡೆ ಒಡ್ಡುತ್ತವೆ ಎಂದು ಊಹಿಸಿ. ಗಂಟೆಗೆ 50 ಕಿಮೀ ವೇಗದಲ್ಲಿ ಅದು ಕಾರನ್ನು ಸುಮಾರು 3 ಕೆಜಿ ಭಾರದಷ್ಟು ಬಲದಿಂದ ಹಿಂದಕ್ಕೆಳೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ 100 ಕಿಮೀ ವೇಗ ಮುಟ್ಟಿದರೆ ಆ ಎಳೆತ 12 ಕೆಜಿಯಷ್ಟಾಗುತ್ತದೆ, ಬೇಕಾದ ಶಕ್ತಿ ಎಂಟು ಪಟ್ಟು. ಅಷ್ಟೂ ಬಲ ಕ್ಯಾರಿಯರಿನ ನಟ್ಟು, ಬೋಲ್ಟುಗಳ ಮೇಲೆ ಬೀಳುತ್ತದೆ. ಕೂಳೂರು ಸೇತುವೆಯಂಥ ಬಯಲಿನಲ್ಲಿ ಪಕ್ಕದಿಂದ ಬೀಸುವ ಗಾಳಿಯೂ ಇದರ ಜೊತೆ ಸೇರುತ್ತದೆ. ಎತ್ತರದ ಮಾತೂ ಇದೆ. ಒಂದೂವರೆ ಮೀಟರ್ ಎತ್ತರದ ಕಾರಿನ ಮೇಲೆ ಸೈಕಲ್ ನಿಂತರೆ ಒಟ್ಟು ಎತ್ತರ ಎರಡೂವರೆ ಮೀಟರ್ ದಾಟುತ್ತದೆ. ದಿನವೂ ನುಗ್ಗುವ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಅಭ್ಯಾಸಬಲದಿಂದ ನುಗ್ಗಿದರೆ ಸೈಕಲ್ಲೂ ಕಾರಿನ ಮಾಡೂ ಒಟ್ಟಿಗೆ ಹಾಳಾಗುತ್ತವೆ.

ಹಿಂದೆ ಕಟ್ಟಿದರೆ ಗಾಳಿಯ ಕಾಟ ಕಡಿಮೆ, ಕಾರಿನ ಮೈಯೇ ಮರೆ ಕೊಡುತ್ತದೆ. ಆದರೆ ಇಲ್ಲಿ ಸನ್ನೆಯ ನಿಯಮ ಕೆಲಸಕ್ಕಿಳಿಯುತ್ತದೆ. ತೋಟಕ್ಕೆ ನೀರೆತ್ತುತ್ತಿದ್ದ ಏತ ನೆನೆದುಕೊಳ್ಳಿ: ಒಂದು ತುದಿಯ ಭಾರ ಕೆಳಗಿಳಿದರೆ ಇನ್ನೊಂದು ತುದಿ ಮೇಲೇಳುತ್ತದೆ. ಕಾರಿನಲ್ಲಿ ಹಿಂದಿನ ಚಕ್ರಗಳ ಅಚ್ಚೇ ಏತದ ಕಂಬ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.5 ಮೀಟರ್ ಅಂತರವಿರಲಿ. ಸೈಕಲ್, ಕ್ಯಾರಿಯರ್ ಸೇರಿ 50 ಕೆಜಿ ಭಾರ ಹಿಂದಿನ ಅಚ್ಚಿನಿಂದ 1.25 ಮೀಟರ್ ಹಿಂದೆ ತೂಗುತ್ತಿರಲಿ. ಆಗ ಮುಂದಿನ ಚಕ್ರಗಳ ಮೇಲಿನ ಭಾರ 25 ಕೆಜಿ ಇಳಿಯುತ್ತದೆ, ಹಿಂದಿನ ಚಕ್ರಗಳ ಮೇಲೆ 75 ಕೆಜಿ ಏರುತ್ತದೆ. ಕಟ್ಟಿದ್ದು 50, ಹಿಂದಿನ ಚಕ್ರಗಳು ಹೊತ್ತದ್ದು 75! ನಮ್ಮ ಹೆಚ್ಚಿನ ಸಣ್ಣ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರಗಳು. ಮಳೆಗಾಲದ ಘಾಟಿಯ ಏರಿನಲ್ಲಿ ಅವುಗಳ ಹಿಡಿತ ಮೊದಲೇ ಕಡಿಮೆ. ಹೀಗೆ ಇನ್ನಷ್ಟು ಕಡಿಮೆಯಾಗುತ್ತದೆ. ಕಾರಿನ ಮುಂಭಾಗ ಮೇಲೆದ್ದಾಗ ಹೆಡ್‌ಲೈಟಿನ ಬೆಳಕೂ ಮೇಲೇರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ದೀಪ ಮತ್ತು ನಂಬರ್ ಪ್ಲೇಟ್ ಮರೆಯಾಗದಂತೆಯೂ ನೋಡಿಕೊಳ್ಳಬೇಕು.

ಟ್ರೇಲರ್ ಸೇರಿಕೊಂಡಾಗ ಈ ಲೆಕ್ಕ ಪ್ರಾಣದ ಲೆಕ್ಕವಾಗುತ್ತದೆ. ಟ್ರೇಲರಿನ ಹಿಂಭಾಗ ಖಾಲಿಯಿರುವುದರಿಂದ ಸೈಕಲ್ಲುಗಳನ್ನು ಅಲ್ಲಿಯೇ ನೇತುಹಾಕೋಣ ಎನಿಸುವುದು ಸಹಜ. ಆದರೆ ಎಲ್ಲಕ್ಕಿಂತ ಕೆಟ್ಟ ಜಾಗ ಅದೇ. ಟ್ರೇಲರ್ ನೇರವಾಗಿ ಹಿಂಬಾಲಿಸಬೇಕಾದರೆ ಅದರ ಭಾರದಲ್ಲಿ ಒಂದು ಪಾಲು ಪಿಕಪ್ಪಿನ ಕೊಂಡಿಯನ್ನು ಕೆಳಕ್ಕೆ ಒತ್ತುತ್ತಿರಬೇಕು. ಅಮೆರಿಕದಲ್ಲಿ ನೂರಕ್ಕೆ 10ರಿಂದ 15 ಪಾಲು ಇರಲಿ ಎನ್ನುತ್ತಾರೆ. 1,000 ಕೆಜಿಯ ಟ್ರೇಲರ್ ಕೊಂಡಿಯನ್ನು 100 ಕೆಜಿಯಷ್ಟು ಒತ್ತುತ್ತಿದೆ ಎನ್ನಿ. ಕೊಂಡಿ ಟ್ರೇಲರಿನ ಅಚ್ಚಿಗಿಂತ 3 ಮೀಟರ್ ಮುಂದಿದ್ದು, 50 ಕೆಜಿಯ ಸೈಕಲ್ ಹೊರೆಯನ್ನು ಅಚ್ಚಿನಿಂದ 2 ಮೀಟರ್ ಹಿಂದೆ ನೇತುಹಾಕಿದರೆ ಆ ಒತ್ತಡ 67 ಕೆಜಿಗೆ ಕುಸಿಯುತ್ತದೆ. ಅಂದರೆ ನೂರಕ್ಕೆ ಆರೂವರೆ ಪಾಲೂ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಕೇಡು ಜಡತ್ವದ್ದು. ತಿರುಗುವ ವಸ್ತುವಿನಲ್ಲಿ ಭಾರ ನಡುವಿನಿಂದ ಎಷ್ಟು ದೂರವಿದೆಯೋ ಅದರ ವರ್ಗಕ್ಕೆ ತಕ್ಕಂತೆ ಜಡತ್ವ ಹೆಚ್ಚುತ್ತದೆ. ಅರ್ಧ ಮೀಟರ್ ದೂರದಲ್ಲಿದ್ದ ಹೊರೆ ಎರಡು ಮೀಟರ್ ದೂರಕ್ಕೆ ಹೋದರೆ ಅದರ ಪ್ರಭಾವ 16 ಪಟ್ಟು. ಭಾರಿ ಲಾರಿಯೊಂದು ಪಕ್ಕದಲ್ಲಿ ಹಾದಾಗ ಅದರ ಗಾಳಿಗೆ ಟ್ರೇಲರಿನ ಹಿಂಭಾಗ ಅತ್ತಿತ್ತ ಆಡುತ್ತದೆ. ಸಾಮಾನ್ಯವಾಗಿ ಟೈರುಗಳ ಹಿಡಿತವೇ ಆ ಆಟವನ್ನು ಅಡಗಿಸುತ್ತದೆ. ಆದರೆ ಹಿಂಭಾರದ ಟ್ರೇಲರಿನಲ್ಲಿ, ಒಂದು ಮಿತಿ ಮೀರಿದ ವೇಗದಲ್ಲಿ, ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ ಕೊನೆಗೆ ಪಿಕಪ್ಪನ್ನೇ ತಿರುಗಿಸಿಬಿಡಬಹುದು. ಸ್ಟಿಯರಿಂಗ್ ಎಳೆದಾಡಿದರೆ ಅದು ಇನ್ನೂ ಹೆಚ್ಚುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಡುವುದೇ ದಾರಿ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಆಟಿಕೆ ಕಾರಿಗೆ ಚಿಕ್ಕ ಟ್ರೇಲರ್ ಕಟ್ಟಿ, ಅದರ ಮುಂದೆ ಒಂದು ನಟ್ ಇಟ್ಟು ಇಳಿಜಾರು ಹಲಗೆಯ ಮೇಲೆ ಬಿಡಿ. ಬಳಿಕ ಅದೇ ನಟ್ಟನ್ನು ಹಿಂದಕ್ಕೆ ಸರಿಸಿ ಬಿಡಿ. ವ್ಯತ್ಯಾಸ ಮಕ್ಕಳಿಗೂ ಕಾಣುತ್ತದೆ.

ಹಾಗಾದರೆ ಸರಿಯಾದ ಜಾಗ ಯಾವುದು? ಪಿಕಪ್ಪಿನ ತೊಟ್ಟಿ. ಅಲ್ಲಿ ಭಾರ ಹಿಂದಿನ ಅಚ್ಚಿನ ಮೇಲೆ ಅಥವಾ ಅದರ ಮುಂದೆ, ತಗ್ಗಿನಲ್ಲಿ, ಕ್ಯಾಬಿನ್ನಿನ ಗಾಳಿಮರೆಯಲ್ಲಿ ಕೂರುತ್ತದೆ. ಎರಡು ಸಾಲು ಸೀಟಿನ ಪಿಕಪ್ಪುಗಳ ತೊಟ್ಟಿ ಸುಮಾರು ಐದು ಅಡಿ ಉದ್ದ. ದೊಡ್ಡವರ ಸೈಕಲ್ ಅದಕ್ಕಿಂತ ಉದ್ದ. ಮುಂದಿನ ಚಕ್ರ ಬಿಚ್ಚಿದರೆ ಹಿಡಿಸುತ್ತದೆ. ಚಕ್ರವನ್ನು ಹಿಂಬಾಗಿಲ ಹೊರಗೆ ಇಳಿಬಿಟ್ಟರೆ ಆಗುಂಬೆಯಂಥ ಹೇರ್‌ಪಿನ್ ತಿರುವುಗಳಲ್ಲಿ ಟ್ರೇಲರಿನ ಮೂಲೆ ಅದಕ್ಕೆ ತಾಗಬಹುದು. ಹೊರಡುವ ಮೊದಲು ಖಾಲಿ ಮೈದಾನದಲ್ಲಿ ಪೂರ್ತಿ ತಿರುಗಿಸಿ ನೋಡಲೇಬೇಕು.

ಕಟ್ಟುವುದರಲ್ಲೂ ನಮ್ಮ ಹವೆಗೆ ತಕ್ಕ ಎಚ್ಚರ ಬೇಕು. ನೈಲಾನ್ ಹಗ್ಗ ಮಳೆನೀರು ಹೀರಿ ಹಿಗ್ಗುತ್ತದೆ. ಒಣಗಿದ್ದಾಗ ಬಿಗಿದ ಗಂಟು ಘಾಟಿಯ ಮಳೆಯಲ್ಲಿ ಸಡಿಲಾಗುತ್ತದೆ. ಪಾಲಿಯೆಸ್ಟರ್ ಬೆಲ್ಟ್ ನೀರು ಹೀರುವುದು ತೀರಾ ಕಡಿಮೆ. ಸಮುದ್ರದ ಉಪ್ಪುಗಾಳಿಯ ತೇವದಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದ್ದರೆ ಪುಟ್ಟ ಬ್ಯಾಟರಿಯೇ ಹುಟ್ಟಿಕೊಂಡು ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ರಬ್ಬರ್ ತುಂಡಿಡಿ, ಊರಿಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ.

ವಾಹನದ ಕೈಪಿಡಿಯಲ್ಲಿ ಮೂರು ಸಂಖ್ಯೆಗಳಿವೆ: ಮಾಡು ಹೊರಬಲ್ಲ ಭಾರ, ಕೊಂಡಿ ತಾಳಬಲ್ಲ ಒತ್ತಡ, ಎಳೆಯಬಲ್ಲ ಒಟ್ಟು ತೂಕ. ಬೆಲ್ಟ್ ಕೊಳ್ಳುವ ಮೊದಲು ಅವನ್ನು ಓದಿಕೊಳ್ಳಿ. ಹೊರಟು ನಾಲ್ಕೈದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ಬೆಲ್ಟುಗಳನ್ನೂ ಇನ್ನೊಮ್ಮೆ ಬಿಗಿಯಿರಿ. ಘಾಟಿ ಶುರುವಾಗುವ ಮೊದಲು ಮತ್ತೊಮ್ಮೆ.